ಗೆರೆಯಿಂದ ಅರ್ಧ ಇಂಚು ಆಚೆ

ಚಿಕ್ಕ ಮಾಸ್ತರಿಗೆ ಐವತ್ತನಾಲ್ಕು ತುಂಬಿತ್ತು. ತಲೆಯಲ್ಲಿ ಕರಿಕೂದಲು ಹುಡುಕಿದರೂ ಸಿಗದು. ಮೊಮ್ಮಗಳು ಬಂದು ಮಡಿಲಲ್ಲಿ ಕೂತಾಗಿತ್ತು. ಆದರೂ ಹೊಲಿಗೆ ಅಂಗಡಿಯಲ್ಲಿ ಅವರು ಚಿಕ್ಕವರೇ. ದೊಡ್ಡ ಮಾಸ್ತರು, ಅಂದರೆ ಅವರ ಅಪ್ಪ, ಎಂಬತ್ತರ ಹತ್ತಿರ ಬಂದರೂ ಅಳತೆ ಟೇಪನ್ನು ಕೊರಳಿನಿಂದ ಇಳಿಸಿರಲಿಲ್ಲ.

ಆ ಅಂಗಡಿಯ ಕಟ್ಟಳೆ ಒಂದೇ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವವರು ಅಪ್ಪ, ಆ ಗೆರೆಯ ಮೇಲೆ ಕತ್ತರಿ ಆಡಿಸುವವನು ಮಗ. ಒಂದೆರಡು ದಿನವಲ್ಲ, ಮೂವತ್ತೈದು ವರ್ಷ! ಗೆರೆ ಎಳೆಯುವುದೇನು ಬ್ರಹ್ಮವಿದ್ಯೆಯೇ? ಕೇಳಿದರೆ, "ನಿನ್ ಕೈ ಇನ್ನೂ ಹದಕ್ಕೆ ಬಂದಿಲ್ಲ ಕಣೋ" ಎನ್ನುವುದು ಅಪ್ಪನ ಮಾಮೂಲಿ ಮಾತು. ಹದಕ್ಕೆ ಬರಲು ಇವರೇನು ಕಲಸಿಟ್ಟ ಹಿಟ್ಟೇ?

ಆರು ವರ್ಷದ ಹಿಂದೆ ಅಪ್ಪನ ಕಣ್ಣು ಮಂಜಾಯಿತು. ಗೆರೆಗಳು ಅಳತೆಗಿಂತ ಅರ್ಧ ಇಂಚು ಒಳಗೆ ಬೀಳತೊಡಗಿದವು. ಹಾಗೇ ಕತ್ತರಿಸಿದರೆ ಯಾರ ಹೊಟ್ಟೆಯ ಮೇಲೂ ಗುಂಡಿ ಕೂರುವಂತಿರಲಿಲ್ಲ. ಚಿಕ್ಕ ಮಾಸ್ತರು ತುಟಿಪಿಟಕ್ಕೆನ್ನದೆ ಪ್ರತಿ ಗೆರೆಯನ್ನೂ ಅರ್ಧ ಇಂಚು ಬಿಟ್ಟು ಆಚೆಗೇ ಕತ್ತರಿಸುತ್ತ ಬಂದರು. ಬಟ್ಟೆ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಗಿರಾಕಿಗಳು ಹೊಗಳಿದ್ದು ಯಾರನ್ನು? ಅಪ್ಪನನ್ನು! "ಈ ವಯಸ್ಸಲ್ಲೂ ಏನ್ ಕೈ ರೀ ನಿಮ್ದು!" ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಮಗನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಒಂದ್ಸಲ ಹೇಳ್ಬಿಡಿ ಅಂದ್ರೆ. ನಿಮ್ಮಪ್ಪ ಏನು ನುಂಗಿಬಿಡ್ತಾರಾ?" ಎನ್ನುತ್ತಿದ್ದಳು ಹೆಂಡತಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು!" ಅಂಗಡಿಯ ಸಿಟ್ಟೆಲ್ಲ ಮನೆಯಲ್ಲಿ ಅವಳ ಮೇಲೆ ಇಳಿಯುತ್ತಿತ್ತು.

ಕೊನೆಗೂ ಒಂದು ದಿನ ಕೈ ನಡುಗಿ ಅಪ್ಪನ ಸೀಮೆಸುಣ್ಣ ನೆಲಕ್ಕೆ ಬಿತ್ತು. ಮೇಜಿನ ಮೇಲಿದ್ದದ್ದು ಬ್ಯಾಂಕ್ ಮ್ಯಾನೇಜರರ ಕೋಟಿನ ಬಟ್ಟೆ.

"ಇದನ್ನ ನೀನೇ ಎಳಿ," ಎಂದರು ಅಪ್ಪ. "ಸರಿಹೋದ್ರೆ ಇನ್ಮೇಲೆ ಗೆರೆ ನಿಂದೇ. ನಾನು ಬಾಗಿಲಲ್ಲಿ ಕೂತು ಹರಟೆ ಹೊಡೀತೀನಿ."

ಚಿಕ್ಕ ಮಾಸ್ತರು ಮೂರು ಸಲ ಅಳೆದರು. ಉಸಿರು ಬಿಗಿಹಿಡಿದು ಗೆರೆ ಎಳೆದರು. ಆಮೇಲೆ ಕತ್ತರಿ ತನ್ನ ಪಾಡಿಗೆ ತಾನು ಸಾಗಿತು.

ವಾರ ಕಳೆದು ಮ್ಯಾನೇಜರರು ಬಂದು ಕೋಟು ತೊಟ್ಟರು. ಭುಜ ಜಾರುತ್ತಿತ್ತು, ಸೊಂಟ ಜೋಲುತ್ತಿತ್ತು.

"ಇದರೊಳಗೆ ನಮ್ಮ ಕ್ಯಾಷಿಯರ್ರೂ ಹಿಡೀತಾರೆ ಕಣ್ರೀ!" ಎಂದರು ಅವರು.

ಅಪ್ಪ ಕೋಟು ಬಿಚ್ಚಿಸಿ ಒಳಮಗ್ಗುಲ ಹೊಲಿಗೆಯನ್ನು ಒಂದು ಗೇಣು ಬಿಡಿಸಿ ಮೂಗಿನ ಹತ್ತಿರ ಹಿಡಿದರು. ಟೇಪು ಇಟ್ಟು, ಬೆರಳಿನಿಂದ ತಡವಿ ಅಳೆದರು. ಸುಣ್ಣದ ಗೆರೆ ಇನ್ನೂ ಬೆಳ್ಳಗೆ ಉಳಿದಿತ್ತು, ಬಟ್ಟೆಯ ಅಂಚಿನಿಂದ ಅರ್ಧ ಇಂಚು ಒಳಗೆ.

"ಗೆರೆ ಸರಿಯಾಗೇ ಇದೆಯಲ್ಲೋ! ಅದನ್ನ ಬಿಟ್ಟು ಯಾಕೆ ಕತ್ತರಿಸ್ದೆ?"

ಚಿಕ್ಕ ಮಾಸ್ತರು ಕತ್ತರಿಯತ್ತ ನೋಡಿದರು. "ಅಭ್ಯಾಸ ಅಪ್ಪಾ."

"ಯಾವಾಗಿಂದ?"

"ಆರು ವರ್ಷದಿಂದ."

ಮುದುಕರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಖ ಸಪ್ಪಗಾಯಿತು. "ನಂಗೆ ಹೇಳೋಕೇನಾಗಿತ್ತು ನಿಂಗೆ?"

ಮೂವತ್ತೈದು ವರ್ಷ ಅದುಮಿಟ್ಟ ಸಿಟ್ಟು ಗಂಟಲಿಗೆ ಬಂತು. ಹೇಳಬೇಕೆಂದು ಕೂಡಿಟ್ಟ ಮಾತು ಎಷ್ಟಿದ್ದವು! ಬಾಯಿಂದ ಬಂದದ್ದು ಒಂದೇ.

"ನೀವು ಬೈತೀರಾ ಅಂತ!"

ಮ್ಯಾನೇಜರರು ಫಕ್ಕನೆ ನಕ್ಕರು. ಅಪ್ಪ ನಗಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ತಡಕಾಡಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.