ಜಿಂಕೆ ಕೊಂಬಿನ ಮದ್ದಿನ ಅಳತೆ

ನಾಯಿಗಳು ಕಡಿಯಲೆಂದು ಅಂಗಡಿಯಲ್ಲಿ ಮಾರುವ ಜಿಂಕೆ ಕೊಂಬಿನ ತುಂಡೊಂದನ್ನು ತಂದು ಮೇಜಿನ ಮೇಲಿಟ್ಟೆ. ನನ್ನ ಗಂಡ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನಮ್ಮಲ್ಲಿ ನಾಯಿ ಇಲ್ಲವೆಂದು ನೆನಪಿಸಿದರು. ಆಗ ನಾವು ಬಹರೇನಿನ ಸೆಗಯಾದ ಸಣ್ಣ ಫ್ಲ್ಯಾಟಿನಲ್ಲಿದ್ದೆವು. ನಾನು ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದೆ. ಮನೆಯಲ್ಲಿ ಮಾತ್ರ ಡ್ಯೂಟಿ ಮುಂದುವರಿದಿತ್ತು.

ಕೊಂಬು ಬೇಕಾಗಿದ್ದದ್ದು ಮೇಲಿನ ಮಹಡಿಯ ಸ್ಕಾಟ್ಲೆಂಡಿನ ಹಿರಿಯರಿಗಾಗಿ. ಹಡಗಿನ ಇಂಜಿನಿಯರ್ ಆಗಿದ್ದ ಅವರು ಆ ವಾರ ಬಹರೇನ್ ಬಿಟ್ಟು ಊರಿಗೆ ಹೊರಟಿದ್ದರು. ಅಲ್ಲಿ ಅವರ ತಂದೆಯ ರೈಫಲ್ ಇತ್ತು. ನಳಿಗೆಯ ಬಾಯಿಂದಲೇ ಮದ್ದಿನ ಪುಡಿ ಸುರಿದು, ಗುಂಡಿಟ್ಟು, ಸಲಾಕೆಯಿಂದ ಒತ್ತುವ ಹಳೇ ಮಾದರಿಯದು. ಪುಡಿ ಅಳೆಯಲು ತಂದೆ ಕೊಂಬಿನಲ್ಲಿ ಕೊರೆದಿದ್ದ ಪುಟ್ಟ ಕುಡಿಕೆ ಮನೆ ಬದಲಿಸುವಾಗ ಕಳೆದುಹೋಗಿತ್ತು. ಹಿತ್ತಾಳೆಯದು ಬೇಕಾದಷ್ಟು ಸಿಗುತ್ತದೆ, ಅದನ್ನು ಹಿಡಿದರೆ ಅಪ್ಪನ ನೆನಪಾಗುವುದಿಲ್ಲ ಎಂದು ಮೆಟ್ಟಿಲಲ್ಲಿ ನಿಂತು ಹೇಳಿದ್ದರು. ಹೊರಡುವ ಮೊದಲು ಹೊಸದು ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಎಷ್ಟು ಹಿಡಿಯಬೇಕು ಎಂದು ಕೇಳಿದರೆ, ಐದು ಎಂ.ಎಲ್. ಅಂದರು. ಜೀವಮಾನವಿಡೀ ನಾನು ಅಳೆದದ್ದು ಅದನ್ನೇ!

ಕೊಂಬನ್ನು ಗರಗಸದಿಂದ ಕೊಯ್ದು, ಅಗಲ ತುದಿಯಿಂದ ಕೈ ಡ್ರಿಲ್ಲಿನಲ್ಲಿ ಕೊರೆದೆ. ಒಳಗೆಲ್ಲ ರಸ್ಕಿನಂಥ ತೂತು ತೂತು. ಕೂದಲು ಸುಟ್ಟ ವಾಸನೆಗೆ ಗಂಡ ಏಸಿ ಆರಿಸಿ ಕಿಟಕಿ ತೆರೆದರು, ಬಿಸಿಗಾಳಿ ನುಗ್ಗಿತು, ಮತ್ತೆ ಮುಚ್ಚಿದರು. ನಾನು ಸಿರಿಂಜಿನಲ್ಲಿ ಟೇಬಲ್ ಸಾಲ್ಟ್ ಅಳೆದು ಕೊಂಬಿಗೆ ಸುರಿಯುವುದು, ಚೆಲ್ಲಿದರೆ ಇನ್ನಷ್ಟು ಕೊರೆಯುವುದು. ಕೊನೆಗೆ ಒಳಗೆ ತೆಳುವಾಗಿ ಜೇನುಮೇಣ ಸವರಿ, ಮತ್ತೊಮ್ಮೆ ಅಳೆದಾಗ ಉಪ್ಪು ಅಂಚಿಗೆ ಸಮನಾಗಿ ನಿಂತಿತು. ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ.

ಹಿರಿಯರು ಹೊರಡುವ ದಿನ ಬೆಳಿಗ್ಗೆ, ಮೇಜಿನ ಮೇಲೆ ಮದ್ದಿನ ಅಳತೆ ಇದೆ, ಜಾಗ್ರತೆ ಎಂದು ಗಂಡನಿಗೆ ಹೇಳಿ ಮೀನು ತರಲು ಹೋದೆ. ನಮ್ಮ ಪುತ್ತೂರು ಕಡೆ ಕೋವಿಗೆ ತುಂಬುವುದೂ ಮದ್ದು, ಕೆಮ್ಮಿಗೆ ಕುಡಿಯುವುದೂ ಮದ್ದು. ಗಂಡನಿಗೆ ವಾರದಿಂದ ಕೆಮ್ಮಿತ್ತು. ಮರಳಿ ಬಂದಾಗ ಕೊಂಬಿನ ಒಳಗೆಲ್ಲ ಕೆಂಪು ಸಿರಪ್.

"ಇದರಲ್ಲಿ ಕುಡಿದ್ರಾ ಮಾರಾಯ್ರೆ?"

"ನೀನೇ ಹೇಳಿದ್ದಲ್ವಾ. ಕೊಂಬಿನಲ್ಲಿ ಯಾಕೆ ಅಂತ ಕೇಳ್ಲಿಲ್ಲ. ನೀನು ಹೇಳಿದ ಮೇಲೆ ಕೇಳುವ ಅಭ್ಯಾಸ ನನಗೆ ಉಂಟಾ ಮಾರಾಯ್ತಿ? ಡೋಸ್ ಮಾತ್ರ ಕರೆಕ್ಟ್ ಇತ್ತು."

ಬೈಯಲು ಬಾಯಿ ತೆರೆದರೆ ನಗು ಬಂತು. ಅವರೂ ನಕ್ಕರು, ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಮೀನಿನ ಚೀಲ ಕೈಯಲ್ಲೇ ಇತ್ತು. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ಬಂದು ನಿಂತಿತು.

ಅಂಟು ಮೆತ್ತಿದ ಮೇಣವನ್ನೆಲ್ಲ ಕೆರೆದು, ಒರೆಸಿ, ಹೊಸ ಮೇಣ ಸವರಿದೆ. ಅವಸರದಲ್ಲಿ ಕೊಂಬನ್ನೂ ಕೆರೆದಿದ್ದೆ. ಮತ್ತೆ ಐದು ಎಂ.ಎಲ್. ಸುರಿದಾಗ ಉಪ್ಪು ಅಂಚಿಗಿಂತ ಕೆಳಗೆ ನಿಂತಿತು. ಆ ಕುಡಿಕೆ ತುಂಬ ಸುರಿದರೆ ರೈಫಲ್‌ಗೆ ಮದ್ದು ಹೆಚ್ಚಾಗುತ್ತದೆ. ತಳ ಎತ್ತರಿಸಲು ಆಗದು, ಬಾಯಿ ತಗ್ಗಿಸಬಹುದು. ಅರ ಹಿಡಿದು ಅಂಚನ್ನು ಉಜ್ಜತೊಡಗಿದೆ. ಗಂಡ ಬಾಲ್ಕನಿಯಿಂದ ಟ್ಯಾಕ್ಸಿಯವನಿಗೆ ಹಿಂದಿಯಲ್ಲಿ ಹವಾಮಾನದ ವಿಷಯ ಹೇಳುತ್ತಾ ಅವನನ್ನು ಹಿಡಿದಿಟ್ಟರು.

ಸೂಟ್‌ಕೇಸ್ ಇಳಿಸುತ್ತಿದ್ದ ಹಿರಿಯರನ್ನು ಮೆಟ್ಟಿಲಲ್ಲೇ ತಡೆದೆ. ಅವರು ಸಿರಿಂಜಿನ ಉಪ್ಪನ್ನು ತಾವೇ ಕೊಂಬಿಗೆ ಸುರಿದು, ಹೆಬ್ಬೆರಳಿನಿಂದ ಅಂಚು ಸವರಿದರು. ಹರಳೊಂದೂ ಬೀಳಲಿಲ್ಲ. ಉಪ್ಪು ಚೆಲ್ಲಿ ಖಾಲಿ ಕುಡಿಕೆಯನ್ನು ಮೂಸಿ ಹುಬ್ಬೇರಿಸಿದರು. ನಡೆದದ್ದನ್ನು ಹೇಳಿದೆ. ಸೂಟ್‌ಕೇಸಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪನ ಕುಡಿಕೆ ಪೈಪಿನ ತಂಬಾಕು ನಾರುತ್ತಿತ್ತಂತೆ. ಇದಕ್ಕೂ ಒಬ್ಬ ಮನುಷ್ಯನ ವಾಸನೆ ಇದೆ, ಇರಲಿ ಎಂದರು.

ಅಂಗಿಯ ಜೇಬಿಗೆ ಕೊಂಬನ್ನು ಇಳಿಸಿ, ಗಂಭೀರವಾಗಿ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರು.

ಊಟ ಆದ ಮೇಲೆ, ಎಂದೆ.