ಸಹಿ ಬೀಳದ ನಲವತ್ತಾರು ಸುರುಳಿಗಳು

ದಾಖಲೆ ಕಚೇರಿಯ ಫಿಲ್ಮ್ ವಿಭಾಗದಲ್ಲಿ ಆಕೆಗೆ ಎದುರಿಗೆ ‘ಮೇಡಂ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಇನ್ನೊಂದ್ಸಲಮ್ಮ’. ಫಿಲ್ಮ್ ಸುರುಳಿಯನ್ನು ಎಷ್ಟೇ ಚೆನ್ನಾಗಿ ತೊಳೆದು ಒಣಗಿಸಿ ಮೇಜಿನ ಮೇಲಿಟ್ಟರೂ ಸ್ವಲ್ಪ ಅನುಮಾನ ಬಂದರೆ ಸಾಕು, “ಇನ್ನೊಂದ್ಸಲ ತೊಳೀರಿ” ಎಂದು ಹಿಂದಕ್ಕೆ ತಳ್ಳಿಬಿಡುತ್ತಿದ್ದರು. ಅಡ್ಡಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. “ಸೋಮಾರಿ ಅಂತ ಕರೆದಿಲ್ವಲ್ಲ, ಬಿಡಿ” ಎಂದು ನಕ್ಕಿದ್ದರು.

ಈ ತೊಳೆಯುವ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟಿದ್ದವರು. ಶಾಲೆ ಬಿಟ್ಟ ಮೇಲೆ ಮಗಳು ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಕೂತು, ಟ್ರೇಯಲ್ಲಿ ಮುಖಗಳು ಮೂಡಿಬರುವುದನ್ನು ಕಣ್ಣರಳಿಸಿ ನೋಡುತ್ತಿದ್ದಳು. ಮುಖ ಮೂಡಿದ ಕೂಡಲೇ ಕೆಲಸ ಮುಗಿಯಿತೆಂದು ಎದ್ದರೆ ಅಪ್ಪ ಜಡೆ ಹಿಡಿದು ಕೂರಿಸುತ್ತಿದ್ದರು. “ಫೋಟೋ ತೆಗೆಯೋದು ಕ್ಯಾಮೆರಾ ಕಣೇ, ಉಳಿಸೋದು ನೀರು. ಟ್ರೇಯ ಮದ್ದು ಒಳಗೆ ಉಳ್ಕೊಂಡ್ರೆ ಇವತ್ತಿನ ಮದುಮಗಳು ಹತ್ತು ವರ್ಷಕ್ಕೆ ಕಾಮಾಲೆ ರೋಗಿ ಆಗ್ತಾಳೆ.” ಆ ಪೇಟೆಯಲ್ಲಿ ಬೇರೆ ಸ್ಟುಡಿಯೋದ ಫೋಟೋಗಳೆಲ್ಲ ಹಳದಿಯಾದರೂ ಅಪ್ಪ ತೊಳೆದವು ಇನ್ನೂ ಗೋಡೆಗಳ ಮೇಲೆ ಕಪ್ಪು-ಬಿಳುಪಾಗಿಯೇ ಇವೆ.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಆಕೆ ಕಚೇರಿ ಸೇರಿದಾಗ ಹಳೆಯ ದಾಖಲೆ ಪುಸ್ತಕಗಳನ್ನು ಕ್ಯಾಮೆರಾದ ಕೆಳಗೆ ಬಿಡಿಸಿಟ್ಟು ನೇರವಾಗಿ ಫಿಲ್ಮಿಗಿಳಿಸುತ್ತಿದ್ದರು. ಆಮೇಲೆ ಸ್ಕ್ಯಾನರ್‌ಗಳು ಬಂದವು. ಎಲ್ಲವೂ ಕಂಪ್ಯೂಟರಿನೊಳಗೆ ಹೋಗುತ್ತದೆ, ಇನ್ನು ಫಿಲ್ಮಿಗೆ ಎಳ್ಳುನೀರು ಬಿಟ್ಟ ಹಾಗೆಯೇ ಎಂದರು ಜನ. ಆದರೆ ಮೇಲಿನವರು ಯೋಚಿಸಿ ಬೇರೊಂದು ಏರ್ಪಾಡು ಮಾಡಿದರು: ಸ್ಕ್ಯಾನ್ ಮಾಡಿದ ಪ್ರತಿಯೊಂದು ಪುಟವನ್ನೂ ಒಂದು ಯಂತ್ರ ಮತ್ತೆ ಫಿಲ್ಮಿನ ಮೇಲೆ ಬರೆಯಬೇಕು. ಎರಡು ಬೆರಳಗಲದ ಫಿಲ್ಮು, ಸುರುಳಿಗೆ ಆರುನೂರು ಪುಟ, ಪುಟವೊಂದು ಅಂಚೆಚೀಟಿಯಷ್ಟು. ಕಂಪ್ಯೂಟರ್ ಬದಲಾಗಲಿ, ಕೆಡಲಿ, ಬೆಳಕೂ ಭೂತಗನ್ನಡಿಯೂ ಇದ್ದರೆ ಓದಿಕೊಳ್ಳಬಹುದು. ತಣ್ಣಗಿನ, ಒಣ ಕೋಣೆಯಲ್ಲಿಟ್ಟರೆ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಆದರೆ ಸರಿಯಾಗಿ ತೊಳೆದಿರಬೇಕು. ಅದನ್ನು ನೋಡಿ ಸಹಿ ಹಾಕುವುದು ಇನ್ನೊಂದ್ಸಲಮ್ಮನ ಕೆಲಸ.

ಮನೆಯಲ್ಲಿ ಈ ಕೆಲಸಕ್ಕೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಗಂಡ ಬಸ್ ಡ್ರೈವರ್, ಮಾತು ಕಡಿಮೆ. ಆ ಕೊರತೆಯನ್ನು ಅತ್ತೆ ತುಂಬಿಕೊಡುತ್ತಿದ್ದರು. “ಇಲ್ಲಿ ಪಾತ್ರೆ ತೊಳೆಯೋದು, ಅಲ್ಲಿ ಕಾಗದ ತೊಳೆಯೋದು. ಅದಕ್ಕೆ ಇಸ್ತ್ರಿ ಸೀರೆ ಬೇರೆ ಕೇಡು!”

“ಪಾತ್ರೆ ನಾಳೆ ಮತ್ತೆ ಕೊಳೆ ಆಗುತ್ತೆ ಅತ್ತೆ. ನಾನು ತೊಳೆದ ಫಿಲ್ಮ್ ಆಗಲ್ಲ” ಎಂದು ಸೊಸೆ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದರು.

ಹೀಗಿರುವಾಗ ಒಬ್ಬ ಹೊಸ ಮುಖ್ಯಸ್ಥರು ಬಂದರು. ಕೆಟ್ಟವರಲ್ಲ, ಆದರೆ ಮೇಲಿನವರ ಫೋನ್ ಬಂದರೆ ಕುರ್ಚಿಯಿಂದ ಅರ್ಧ ಏಳುವವರು. ವರ್ಷದ ಕೊನೆಗೆ ಮುನ್ನೂರು ಸುರುಳಿ ಮುಗಿಸುತ್ತೇವೆಂದು ಮಾತು ಕೊಟ್ಟಿದ್ದರು. ಇನ್ನೂರ ಐವತ್ತನಾಲ್ಕು ಪಾಸಾದವು. ಉಳಿದ ನಲವತ್ತಾರರಲ್ಲಿ ಪ್ರತಿಯೊಂದರ ಕೊನೆಯಿಂದಲೂ ಖಾಲಿ ತುಂಡು ಕತ್ತರಿಸಿ ಇನ್ನೊಂದ್ಸಲಮ್ಮ ಪರೀಕ್ಷೆಯ ದ್ರಾವಣದ ಒಂದು ಹನಿ ಬಿಟ್ಟರು. ಹನಿ ಬಿದ್ದಲ್ಲಿ ಕಂದು ಕಲೆ ಎದ್ದಿತು. ಮದ್ದು ಒಳಗೇ ಉಳಿದಿದೆ ಎಂದರ್ಥ. ತೊಳೆಯುವ ಯಂತ್ರದ ಪಂಪು ಸೊರಗಿ, ನೀರು ರಭಸವಾಗಿ ಹರಿಯುತ್ತಲೇ ಇರಲಿಲ್ಲ.

ಮುಖ್ಯಸ್ಥರು ಒಂದು ಸುರುಳಿಯನ್ನು ಬೆಳಕಿಗೆ ಹಿಡಿದರು. “ಕನ್ನಡಿ ಥರ ಕಾಣ್ತಿದೆಯಲ್ಲಮ್ಮ! ಏನಾಗಿದೆ ಇದಕ್ಕೆ?”

“ಇವತ್ತೇನೂ ಆಗಿಲ್ಲ ಸಾರ್. ಆದ್ರೆ ನಾವು ಇಡ್ತಿರೋದು ಇವತ್ತಿಗಲ್ವಲ್ಲ. ಪಂಪ್ ರಿಪೇರಿ ಮಾಡ್ಸಿ, ಇನ್ನೊಂದ್ಸಲ ತೊಳೆದುಬಿಡೋಣ.”

“ಪಂಪಿನ ಸಾಮಾನು ಬರೋಕೆ ತಿಂಗಳು ಬೇಕಂತೆ. ನೀವು ಸಹಿ ಹಾಕಿ, ಆಮೇಲೆ ನೋಡ್ಕೊಳ್ಳೋಣ.”

“ಸಹಿ ಹಾಕಿದ ಮೇಲೆ ಯಾರು ನೋಡ್ತಾರೆ ಸಾರ್?”

ತಪಾಸಣೆಯ ಪುಸ್ತಕ ತೆರೆದು ನಲವತ್ತಾರು ಸಾಲುಗಳಲ್ಲೂ ಆಕೆ ಒಂದೇ ಮಾತು ಬರೆದರು: ‘ತೊಳೆತ ಸಾಲದು. ಪಾಸಾಗಿಲ್ಲ.’ ಅಕ್ಷರಗಳು ದಪ್ಪಗೆ, ದುಂಡಗೆ ಬಂದವು.

ಮಾರನೆಯ ದಿನವೇ ಆಕೆಯನ್ನು ಟಪಾಲು ಕೌಂಟರಿಗೆ ಕಳಿಸಿದರು. ಬಂದ ಕಾಗದಕ್ಕೆ ನಂಬರು ಹಾಕಿ, ಮುದ್ರೆ ಒತ್ತಿ, ಒಳಗೆ ಕಳಿಸುವ ಕೆಲಸ. ಇಪ್ಪತ್ತು ವರ್ಷ ಫಿಲ್ಮು ಹಿಡಿದ ಬೆರಳಿಗೆ ಶಾಯಿ ಮೆತ್ತಿತು. ಫಿಲ್ಮ್ ಬರೆಯುವ ಯಂತ್ರ ನಡೆಸುತ್ತಿದ್ದ ಆಪರೇಟರ್ ಊಟದ ಹೊತ್ತಿಗೆ ಬಂದು, “ಅಕ್ಕ, ಒಂದು ಗೀಟು ಎಳೆದಿದ್ರೆ ಮುಗೀತಿತ್ತು. ಯಾಕೆ ಕೈಯಾರೆ ಈ ಮೂಲೆಗೆ ಬಂದು ಕೂತ್ರಿ?” ಎಂದು ನೊಂದುಕೊಂಡ.

“ಆ ನಲವತ್ತಾರಕ್ಕೆ ನೀನು ಸಹಿ ಹಾಕಿದ್ಯಾ?”

“ನಾನ್ಯಾಕೆ ಹಾಕ್ಲಿ ಅಕ್ಕ? ನೀವು ಅಷ್ಟು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೀರಿ.”

“ಸಾಹೇಬ್ರು?”

“ಅವ್ರೂ ಹಾಕಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.”

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಸಿಕ್ಕಿರಲಿಲ್ಲ. ಅದನ್ನು ಕೇಳಿ ಇನ್ನೊಂದ್ಸಲಮ್ಮನಿಗೆ ಒಂದು ಉಪಾಯ ಹೊಳೆಯಿತು. ಪ್ರತಿ ಸೋಮವಾರ ಬೆಳಿಗ್ಗೆ ಮುಖ್ಯಸ್ಥರಿಗೊಂದು ಪತ್ರ ಬರೆಯತೊಡಗಿದರು: ನಲವತ್ತಾರು ಸುರುಳಿಗಳು ಇಂತಿಂಥವು, ಪಂಪು ರಿಪೇರಿಯಾಗಬೇಕು, ಮರುತೊಳೆತವಾಗಬೇಕು. ತಾವೇ ಬರೆದ ಪತ್ರವನ್ನು ತಾವೇ ಕೌಂಟರಿನಲ್ಲಿ ಸ್ವೀಕರಿಸಿ, ತಾವೇ ನಂಬರು ಹಾಕಿ, ತಾವೇ ಮುದ್ರೆ ಒತ್ತಿ, ಟಪಾಲಿನ ಕಟ್ಟಿನ ಮೇಲ್ಗಡೆಗೇ ಇಟ್ಟು ಒಳಗೆ ಕಳಿಸುತ್ತಿದ್ದರು. ನಂಬರು ಬಿದ್ದ ಕಾಗದವನ್ನು ಹರಿದು ಬಿಸಾಡುವಂತಿಲ್ಲ, ಉತ್ತರ ಕೊಡಲೇಬೇಕು. ಹನ್ನೊಂದು ಸೋಮವಾರ, ಹನ್ನೊಂದು ಪತ್ರ.

ಹನ್ನೆರಡನೆಯ ಸೋಮವಾರ ಮುಖ್ಯಸ್ಥರೇ ಕೌಂಟರಿಗೆ ಬಂದು ನಿಂತರು. “ಇವತ್ತು ಬರೀಬೇಡಿಯಮ್ಮ, ಕೈಮುಗೀತೀನಿ. ಪಂಪ್ ಬಂದಿದೆ. ಬನ್ನಿ, ನಿಮ್ಮ ಫಿಲ್ಮ್ ನೀವೇ ತೊಳ್ಕೊಳ್ಳಿ.”

ಆಕೆ ಫಿಲ್ಮ್ ವಿಭಾಗಕ್ಕೆ ಮರಳಿದರು. ತೊಳೆಯಲು ಹದಿನೈದು ದಿನ ಹಿಡಿಯಿತು. ಆಕೆಯೇ ಯಂತ್ರದ ಪಕ್ಕ ನಿಂತು ತೊಳೆಸಿದರು, ಒಣಗಿಸಿದರು, ಕೈಗವಸು ಹಾಕಿ ಇಡೀ ಸುರುಳಿಗಳನ್ನು ಮತ್ತೆ ಬಿಚ್ಚಿ ನೋಡಿದರು. ಪರೀಕ್ಷೆಯ ಹನಿ ಬಿದ್ದಲ್ಲಿ ಈ ಸಲ ಕಲೆ ಏಳಲಿಲ್ಲ. ಪುಸ್ತಕದ ಮುಂದಿನ ಪುಟದಲ್ಲಿ ನಲವತ್ತಾರು ಸಲ ‘ಪಾಸಾಗಿದೆ’ ಎಂದು ಬರೆದು ಪ್ರತಿಯೊಂದಕ್ಕೂ ಪೂರ್ತಿ ಸಹಿ ಹಾಕಿದರು. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಇದ್ದರೂ ಕಾಲು ನೋಯಲಿಲ್ಲ.

ನಾಲ್ಕು ವರ್ಷ ಕಳೆಯಿತು. ನದಿಯಾಚೆ ಎಂಬತ್ತು ಮನೆಗಳ ಒಂದು ವಸತಿ ಇತ್ತು. ಅಜ್ಜಂದಿರ ಕಾಲದಲ್ಲಿ ಸರ್ಕಾರವೇ ಅಳೆದು ಹಂಚಿದ ಜಾಗ. ಈಗ ಇನ್ಯಾರೋ ಬಂದು ಅದು ನಮ್ಮ ಆಸ್ತಿ ಎಂದು ದಾವೆ ಹೂಡಿದರು. ಹಂಚಿಕೆಯ ಮೂಲ ಪುಸ್ತಕ ಹುಡುಕಿದರೆ ಅದಿದ್ದ ನೆಲಮಾಳಿಗೆಯಲ್ಲಿ ಪೈಪು ಒಡೆದು ಕಾಗದವೆಲ್ಲ ಹಿಟ್ಟಾಗಿತ್ತು. ಸ್ಕ್ಯಾನ್ ಪ್ರತಿ ತೆಗೆದರೆ, ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸುವಾಗ ಏನೋ ಎಡವಟ್ಟಾಗಿ ಪುಟಗಳೆಲ್ಲ ಬೂದು ಪಟ್ಟಿಗಳಾಗಿದ್ದವು. ಬೇರೆ ಕಡೆ ಇಟ್ಟಿದ್ದ ನಕಲೂ ಅದೇ ಬೂದು ಪಟ್ಟಿಗಳ ನಕಲು. ಉಳಿದದ್ದು ಫಿಲ್ಮು. ಆ ನಲವತ್ತಾರರಲ್ಲಿ ಹತ್ತೊಂಬತ್ತನೆಯದು.

ವಿಚಾರಣೆಯ ಕೋಣೆಯಲ್ಲಿ ಎಂಬತ್ತು ಮನೆಯವರೂ ಕಿಕ್ಕಿರಿದಿದ್ದರು. ಫಿಲ್ಮ್ ತೋರಿಸುವ ಯಂತ್ರ ಹಚ್ಚಿದ ಅರೆಕ್ಷಣಕ್ಕೆ ಅದರ ಬಲ್ಬು ಟಪ್ಪೆಂದು ಸುಟ್ಟಿತು. ಸುರುಳಿ ತಂದಿದ್ದ ಇನ್ನೊಂದ್ಸಲಮ್ಮ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯನ್ನು ನೋಡಿ, “ಸಾರ್, ಆ ಕಿಟಕಿ ಹತ್ರ ಬರ್ತೀರಾ?” ಎಂದರು. ಫಿಲ್ಮನ್ನು ಹಗಲಿನ ಬೆಳಕಿಗೆ ಬಿಡಿಸಿ ಹಿಡಿದು, ತಮ್ಮ ಭೂತಗನ್ನಡಿ ಅವರ ಕೈಗಿಟ್ಟರು. ಅಧಿಕಾರಿ ಒಂದು ಕಣ್ಣು ಮುಚ್ಚಿ ಬಗ್ಗಿದರು. ನಕ್ಷೆಯಲ್ಲಿದ್ದ ಬೀದಿ, ಬಾವಿ, ಮನೆ ನಂಬರು, ಹಂಚಿಕೆ ಪಡೆದವರ ಹೆಸರು, ಮೂಲೆಯಲ್ಲಿದ್ದ ಅಳತೆಗಾರನ ಸಹಿಯೂ ಸೇರಿ ಎಲ್ಲವನ್ನೂ ಗಟ್ಟಿಯಾಗಿ ಓದಿದರು.

ಎದುರು ಪಕ್ಷದ ವಕೀಲರು ಸುಮ್ಮನಿರಲಿಲ್ಲ. ಕಚೇರಿಯ ತಪಾಸಣೆ ಪುಸ್ತಕ ತರಿಸಿ, ಬೆರಳಿಟ್ಟು ತೋರಿಸಿದರು. “ನೋಡಿ ಸ್ವಾಮಿ! ಇದೇ ಸುರುಳಿಗೆ ಇವರೇ ‘ಪಾಸಾಗಿಲ್ಲ’ ಅಂತ ಬರ್ದಿದ್ದಾರೆ. ಇಂಥ ಫಿಲ್ಮ್ ನಂಬೋದು ಹೇಗೆ?”

ಕೋಣೆಯಲ್ಲಿ ಗುಸುಗುಸು ಎದ್ದಿತು. ಅಧಿಕಾರಿ ಇನ್ನೊಂದ್ಸಲಮ್ಮನ ಕಡೆ ತಿರುಗಿ, “ಏನಮ್ಮ ಇದು?” ಎಂದರು.

“ನಿಜ ಸಾರ್. ಅವತ್ತು ತೊಳೆತ ಸರಿ ಇರ್ಲಿಲ್ಲ, ಅದಕ್ಕೇ ಬರೆದೆ. ಪುಟ ಮಗುಚಿ. ಪಂಪ್ ಸರಿಯಾದ ಮೇಲೆ ತೊಳೆದು, ಪರೀಕ್ಷೆ ಮಾಡಿ, ಸಹಿ ಹಾಕಿದ್ದೀನಿ. ಮಧ್ಯೆ ಹನ್ನೊಂದು ಪತ್ರ ಇದ್ದಾವೆ, ನಂಬರ್ ಸಮೇತ.”

ಅಧಿಕಾರಿ ಪುಟ ಮಗುಚಿದರು. ಹನ್ನೊಂದೂ ಪತ್ರಗಳನ್ನು ತರಿಸಿ ಓದಿದರು. ಅದೇ ಮಾತು ಒಂಬತ್ತನೆಯ ಸಲ ಬಂದಾಗ ಅವರ ತುಟಿಯಂಚಿನಲ್ಲಿ ನಗು ಮೂಡಿತು. ಕೊನೆಗೆ ಪುಸ್ತಕ ಮುಚ್ಚಿ ಹೇಳಿದರು: “ಕಣ್ಮುಚ್ಚಿ ನಲವತ್ತಾರಕ್ಕೂ ‘ಪಾಸ್’ ಬರ್ದಿದ್ರೆ ನನಗೆ ಅನುಮಾನ ಬರ್ತಿತ್ತು ವಕೀಲ್ರೇ. ‘ಇಲ್ಲ’ ಅನ್ನೋ ಧೈರ್ಯ ಇರೋರ ‘ಹೌದು’ ನಾನು ನಂಬ್ತೀನಿ.”

ಫಿಲ್ಮು ಸಾಕ್ಷಿಯಾಗಿ ನಿಂತಿತು. ಎಂಬತ್ತು ಮನೆಗಳೂ ಉಳಿದವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುಖ್ಯಸ್ಥರು ಹೊರಗೆ ಬಂದು, ಸಿಕ್ಕಸಿಕ್ಕವರಿಗೆಲ್ಲ “ನಮ್ಮ ಮೇಡಂ, ನಮ್ಮ ವಿಭಾಗ” ಎಂದು ಹೇಳಿಕೊಂಡು ತಿರುಗಿದರು. ಮರುವಾರವೇ ಟಪಾಲು ಕೌಂಟರ್‌ನ ಹಳೆಯ ಮಾತನ್ನು ತಾವೇ ಎತ್ತಿ, “ತಪ್ಪಾಯ್ತಮ್ಮ” ಎಂದರು. ಇನ್ನೊಂದ್ಸಲಮ್ಮ, “ಅಲ್ಲಿ ಕೂತಿದ್ದಕ್ಕೇ ಅಲ್ವಾ ಸಾರ್ ಪತ್ರಕ್ಕೆ ನಂಬರ್ ಬಿದ್ದಿದ್ದು” ಎಂದುಬಿಟ್ಟರು. ಮಾತಿಲ್ಲದ ಗಂಡ ಕಂಡಕ್ಟರ್‌ಗೆ ಹೇಳಿ, ಕಂಡಕ್ಟರ್ ಇಡೀ ಬಸ್ಸಿಗೆ ಹೇಳಿದ್ದು ಬೇರೆ ಕಥೆ.

ವಸತಿಯವರು ಒಂದು ಭಾನುವಾರ ಬರಲೇಬೇಕೆಂದು ಹಟ ಹಿಡಿದರು. ಅತ್ತೆಯೂ ಇಸ್ತ್ರಿ ಸೀರೆ ಉಟ್ಟು ಜೊತೆಗೆ ಹೊರಟರು. ಸೇತುವೆ ದಾಟಿ ಬಸ್ಸಿಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಒಂದು ಗಂಟೆ ಮೊದಲೇ ತಲುಪಿದ್ದರು. “ದಾರಿ ಯಾರನ್ನ ಕೇಳೋಣ?” ಎಂದರು ಅತ್ತೆ.

“ಕೇಳೋದೇನು ಅತ್ತೆ, ಬನ್ನಿ” ಎಂದು ಸೊಸೆ ಮುಂದೆ ನಡೆದರು. ಆ ಜಾಗಕ್ಕೆ ಹಿಂದೆಂದೂ ಕಾಲಿಟ್ಟವರಲ್ಲ. ಎರಡನೆಯ ಓಣಿಯಲ್ಲಿ ಎಡಕ್ಕೆ ತಿರುಗಿದರೆ ಬಾವಿ. ಈಗ ಅದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದರು. ಬಾವಿ ದಾಟಿ ನಾಲ್ಕನೆಯದು ಮೂವತ್ತೊಂದನೆಯ ನಂಬರಿನ ಮನೆ, ಹಿಂದೆ ಓರೆಯಾದ ಗೋಡೆ. ಫಿಲ್ಮಿನ ಮೇಲೆ ಅಂಚೆಚೀಟಿಯಷ್ಟರ ನಕ್ಷೆಯಲ್ಲಿ ಕಂಡಿದ್ದ ಓಣಿಯಲ್ಲಿ ಯಾರೋ ಬಟ್ಟೆ ಒಣಗಹಾಕಿದ್ದರು, ಬಾಗಿಲಲ್ಲಿ ಮಗುವೊಂದು ಕೂತು ಚಪ್ಪಲಿ ತಿರುವುಮುರುವು ಹಾಕಿಕೊಳ್ಳುತ್ತಿತ್ತು. ಅತ್ತೆ ಆಚೀಚೆ ನೋಡುತ್ತ ಸೊಸೆಯ ಹಿಂದೆ ಬಂದರು. ಮನೆಯೊಳಗಿಂದ ಒಬ್ಬಾಕೆ ಇಣುಕಿ, “ಯಾರು ಬೇಕಿತ್ತಮ್ಮ?” ಎಂದು ಕೇಳಿದಳು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಹೇಳಿದರು: “ನಿಮ್ಮನೆ ಕಾಗದ ತೊಳೆದಿದ್ದು ಇವಳೇ ಕಣಮ್ಮ. ನನ್ನ ಸೊಸೆ.”