ನೀರು ಬಿಡದ ಮಷಿನ್ನು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತವರಿನಲ್ಲೂ ಹಾಗೇ ಹೇಳುತ್ತಿದ್ದರು, ಅಜ್ಜಂಪುರದ ಈ ಮನೆಗೆ ಸೊಸೆಯಾಗಿ ಬಂದ ಮೇಲೂ ಹಾಗೇ ಹೇಳುತ್ತಾರೆ. ಆ ಸಿಟ್ಟಿನಲ್ಲಿ ಆಡಿದ ಮಾತುಗಳಲ್ಲಿ ಎಷ್ಟೋ ಮರೆತುಹೋಗಿವೆ. ಇದೊಂದು ಮರೆತಿಲ್ಲ.

ಅವ್ವ ತೀರಿಕೊಂಡಿದ್ದಳು. ಲಿಂಗದಹಳ್ಳಿಯಲ್ಲಿ ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ವಾಪಸ್ ಬಂದಿದ್ದೆ. ಸೂತಕ ಕಳೆದ ಮೇಲೆ ಮನೆಯ ಬಟ್ಟೆಯೆಲ್ಲ ಒಗೆಯಬೇಕು. ನನಗೆ ಅಳು ಬರುತ್ತಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಹಾಸಿಗೆ ಮೇಲಿದ್ದದ್ದು, ಗೂಟಕ್ಕೆ ನೇತುಹಾಕಿದ್ದು, ಬೀರುವಿನ ಮೂಲೆಯಲ್ಲಿ ಮುದುರಿ ಬಿದ್ದಿದ್ದು, ಎಲ್ಲವನ್ನೂ ಬಾಚಿ ತಂದು ವಾಷಿಂಗ್ ಮಷಿನ್ನಿಗೆ ತುಂಬಿದೆ. ಅದು ಅರ್ಧಕ್ಕೇ ನಿಂತಿತು. ಒಳಗೆ ನೀರು ನಿಂತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ, ತಳದಲ್ಲಿ ಏನೋ ಗುಂಯ್ ಅನ್ನುತ್ತಿತ್ತು.

ಕಡೂರಿನ ರಿಪೇರಿಯವರಿಗೆ ಫೋನ್ ಮಾಡಿದೆ. ವಾರದೊಳಗೆ ಬರೋಕಾಗಲ್ಲ ಅಂದರು. ಕೆಳಗಿನ ಚಿಕ್ಕ ಬಾಗಿಲು ತೆಗೆದರೆ ಒಂದು ಸಣ್ಣ ಪೈಪಿದೆ, ಅದರಿಂದ ನೀರು ಬಿಡಿ, ಪಕ್ಕದ ಗುಂಡನೆಯ ಮುಚ್ಚಳ ತಿರುಗಿಸಿದರೆ ಪಂಪು ಕಾಣುತ್ತದೆ ಎಂದು ಹೇಳಿಕೊಟ್ಟರು. ಪಂಪಿನಲ್ಲಿ ಏನೋ ಸಿಕ್ಕಿಕೊಂಡಿರಬೇಕಂತೆ. ಪಿನ್ನು, ಗುಂಡಿ ಅಂತೆಲ್ಲ ಹೇಳಿ, ನಮ್ಮ ಕಡೆ ಮನೆಗಳಲ್ಲಿ ಹೆಚ್ಚಾಗಿ ಸಿಗೋದು ಅಡಿಕೆ ಹೋಳೇ ಎಂದು ಸೇರಿಸಿದರು.

ಅಷ್ಟು ಸಾಕಾಯಿತು ನನಗೆ. ಅತ್ತೆಯ ಸೊಂಟದಲ್ಲಿ ಎಲೆಅಡಿಕೆ ಚೀಲ ಇಲ್ಲದ ದಿನವೇ ಇರಲಿಲ್ಲ. ನನ್ನನ್ನು ಮಾತನಾಡಿಸಲೆಂದು ಪಕ್ಕದ ಮನೆಯವರು ಬಂದು ಕೂತಿದ್ದರು. ಅವರ ಎದುರಿಗೇ ಅಂದೆ: "ನಿಮ್ಮ ಅಡಿಕೆ ಚಟಕ್ಕೆ ಮಷಿನ್ ಹಾಳಾಯ್ತು ಅತ್ತೆ. ಇನ್ಮೇಲೆ ನಿಮ್ಮ ಸೀರೆ ಇದಕ್ಕೆ ಹಾಕ್ಬೇಡಿ."

ಅತ್ತೆ ಸೊಂಟದ ಚೀಲ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು.

ನೀರು ಬಿಟ್ಟು ಬಟ್ಟೆ ಹೊರಗೆಳೆದೆ. ಮುಚ್ಚಳ ಮಾತ್ರ ಜಗ್ಗಲಿಲ್ಲ. ಅಲ್ಲಿಗೇ ಬಿಟ್ಟು ಮಾರನೇ ದಿನದಿಂದ ತರೀಕೆರೆಯ ಶಾಲೆಗೆ ಪಾಠಕ್ಕೆ ಹೋಗತೊಡಗಿದೆ. ಸಂಜೆ ಬಸ್ಸಿಳಿದು ಬಂದರೆ ಹಿತ್ತಿಲ ಒಗೆಯುವ ಕಲ್ಲು ಒದ್ದೆಯಾಗಿರುತ್ತಿತ್ತು, ತಂತಿಯ ಮೇಲೆ ಅತ್ತೆಯ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಟುಬಿದ್ದ ಆ ಬೆರಳುಗಳಲ್ಲಿ ಹಿಂಡಲು ಆಗುತ್ತಿರಲಿಲ್ಲ. ಮೊಳೆಯ ಮೇಲಿನ ಚೀಲ ಹಾಗೇ ಇತ್ತು. ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಹೋಗಿ ಸೀರೆಯ ಒಂದು ತುದಿ ಹಿಡಿದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಹಟ ಬಂತು. ಅಡಿಕೆ ತೆಗೆದು ಅವರ ಮುಂದೆಯೇ ಇಡಬೇಕು, ಮಾತಿಗೆ ಸಾಕ್ಷಿ ಬೇಕು ಅಂತ. ಪ್ಲಗ್ಗು ಕಿತ್ತೆ. ಕೆಳಗೆ ಊಟದ ತಟ್ಟೆ ಇಟ್ಟು, ಮುಚ್ಚಳಕ್ಕೆ ಒಣಬಟ್ಟೆ ಸುತ್ತಿ ಎರಡೂ ಕೈಯಲ್ಲಿ ತಿರುಗಿಸಿದೆ. ಬಿಟ್ಟುಕೊಂಡಿತು. ಹುಳಿ ನಾರುವ ನೀರಿನ ಜೊತೆ ಬಿಳಿಯ ಮುದ್ದೆಯೊಂದು ತಟ್ಟೆಗೆ ಬಿತ್ತು. ಬೆರಳಲ್ಲಿ ಕೆದಕಿದರೆ ಅಕ್ಕಿ. ನೆನೆದು ಊದಿಕೊಂಡ ಅಕ್ಕಿ. ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಪಂಪಿನ ರೆಕ್ಕೆಗೆ ಅಡ್ಡವಾಗಿ ಬೆರಳುದ್ದದ ಅರಿಶಿನದ ಕೊಂಬು ಸಿಕ್ಕಿಕೊಂಡಿತ್ತು.

ಅದು ಅವ್ವನದು. ತಿಂಗಳ ಹಿಂದೆ ಲಿಂಗದಹಳ್ಳಿಯಿಂದ ಹೊರಡುವಾಗ ಮಡಿಲಕ್ಕಿ ಹಾಕಿದ್ದಳು. ಬಸ್ಸು ಹಾರ್ನ್ ಮಾಡುತ್ತಿತ್ತು, ಇದೆಲ್ಲ ಈಗ ಬೇಕಾ ಎಂದು ಅವಳ ಮೇಲೂ ರೇಗಿದ್ದೆ. ಅವಳೇ ಅಕ್ಕಿ, ಅರಿಶಿನವನ್ನು ನನ್ನ ಸೆರಗಿಗೆ ಗಂಟು ಹಾಕಿ, ಹೋದ ತಕ್ಷಣ ಬಿಚ್ಚಿ ಅನ್ನ ಮಾಡ್ಕೋ ಅಂದಿದ್ದಳು. ನಾನು ಬಂದವಳೇ ಸೀರೆ ಬದಲಾಯಿಸಿ, ಗಂಟಿನ ಸಮೇತ ಬೀರುವಿನ ಮೂಲೆಗೆ ಎಸೆದಿದ್ದೆ. ಆಮೇಲೆ ಅವ್ವನನ್ನು ನೋಡಲು ಹೋದದ್ದು ಅವಳು ಹೋದ ಮೇಲೆಯೇ.

ಇಷ್ಟು ದಿನ ಬಾರದ ಅಳು ಅಲ್ಲಿ, ಆ ಕೊಳಕು ನೀರಿನಲ್ಲಿ ಕೂತು ಬಂತು. ಅತ್ತೆ ಓಡಿ ಬಂದರು. ತಟ್ಟೆ ನೋಡಿದರು, ನನ್ನ ಕೈಯಲ್ಲಿದ್ದ ಕೊಂಬು ನೋಡಿದರು. ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ.

"ತಪ್ಪಾಯ್ತು ಅತ್ತೆ," ಅಂದೆ.

ಅತ್ತೆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಕ್ಕಿಯನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ ಬಂದರು. ಕೊಂಬನ್ನು ತೊಳೆದು ಒರೆಸಿದರು. ಆಮೇಲೆ ಅಡುಗೆಮನೆಯಿಂದ ಸೇರಿನಲ್ಲಿ ಅಕ್ಕಿ ತಂದು ನನ್ನೆದುರು ನಿಂತರು. ಮಾವ ಹೋದಾಗಿನಿಂದ ಅವರು ಯಾರ ಮಡಿಲಿಗೂ ಅಕ್ಕಿ ಹಾಕಿದವರಲ್ಲ. ಗಂಡ ಸತ್ತವರು ಹಾಕಬಾರದು ಅನ್ನುತ್ತಾರೆ. ಆ ಮಾತನ್ನು ಅತ್ತೆಯಷ್ಟು ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವರನ್ನು ನಾನು ಕಂಡಿಲ್ಲ.

"ಸೆರಗು ಒಡ್ಡವ್ವ," ಅಂದರು. "ನಾನು ಹಾಕೋ ಹಂಗಿಲ್ಲ. ಆದ್ರೆ ನಿಂಗೆ ಇನ್ಯಾರು ಹಾಕ್ತಾರೆ?"

ಒಡ್ಡಿದೆ. ಅವರ ಬೆರಳ ಸಂದಿಯಿಂದ ಒಂದಷ್ಟು ಅಕ್ಕಿ ಹೊರಗೆ ಚೆಲ್ಲಿತು. ಅವ್ವನ ಅರಿಶಿನದ ಕೊಂಬನ್ನೂ ಅದರ ಮೇಲೆ ಇಟ್ಟರು. ಆ ಗಂಟನ್ನು ಅವತ್ತೇ ಬಿಚ್ಚಿ ಒಲೆಗೆ ಎಸರಿಟ್ಟೆ.